ಹಡಗಿನಿಂದಿಳಿದವರ ಬಸದಿ ದರ್ಶನ: ನೋಟ ಮತ್ತು ಓದು

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲಗಳ ಸೀಮೆಯಲ್ಲಿ ಹಲವು ವರ್ಷ ಕನ್ನಡ ಪಾಠ ಹೇಳಿರುವ ನನಗೆ ಪ್ರವಾಸಿ ಮಾರ್ಗದರ್ಶಿಗಳ ಮಾತಿನ ವರಸೆ ಹೊಸತಲ್ಲ. ಶ್ರೀರಂಗಪಟ್ಟಣಕ್ಕೆ ಬಂದವರಿಗೆ ಅರ್ಧ ದಿನದಲ್ಲಿ ತೋರಿಸುವ ಸ್ಥಳಗಳ ಪಟ್ಟಿ ಬಹುಮಟ್ಟಿಗೆ ನಿಗದಿಯಾಗಿದೆ: ರಂಗನಾಥಸ್ವಾಮಿ ದೇವಾಲಯ, 1799ರ ಮೇ 4ರಂದು ಟಿಪ್ಪು ಬಿದ್ದ ಜಾಗ, ದರಿಯಾ ದೌಲತ್, ಗುಂಬಜ್, ಸಂಗಮ. ಅದೇ ಕೋಟೆಯೊಳಗಿನ ಆದಿನಾಥ ಬಸದಿ ಆ ಪಟ್ಟಿಗೆ ಸೇರುವುದು ಅಪರೂಪ. ಇದಕ್ಕೆ ಯಾರ ದ್ವೇಷವೂ ಕಾರಣವಲ್ಲ. ಇರುವ ಸಮಯಕ್ಕೆ ತಕ್ಕಂತೆ ಚರಿತ್ರೆಯನ್ನು ಕತ್ತರಿಸಿಕೊಳ್ಳುವ ಅನಿವಾರ್ಯತೆಯೇ ಇದಕ್ಕೆ ಕಾರಣ. ಈ ಕತ್ತರಿಯ ಕೆಲಸ ಅತ್ಯಂತ ಸ್ಪಷ್ಟವಾಗಿ ಕಾಣಿಸುವುದು ನಮ್ಮ ಸೀಮೆಯಲ್ಲಲ್ಲ, ಕರಾವಳಿಯಲ್ಲಿ. ಅಲ್ಲಿ ಪ್ರವಾಸಿಯ ಸಮಯವನ್ನು ಹಡಗಿನ ಗಡಿಯಾರವೇ ನಿರ್ಧರಿಸುತ್ತದೆ.

ಪಣಂಬೂರಿನ ನವಮಂಗಳೂರು ಬಂದರಿಗೆ ಮಳೆಗಾಲ ಕಳೆದ ಮೇಲೆ ವಿದೇಶಿ ಪ್ರವಾಸಿ ಹಡಗುಗಳು ಬರುತ್ತವೆ. ಸಾಮಾನ್ಯವಾಗಿ ಬೆಳಿಗ್ಗೆ ಬಂದ ಹಡಗು ಸಂಜೆಯ ಹೊತ್ತಿಗೆ ಕೊಚ್ಚಿಯ ಕಡೆಗೋ ಗೋವೆಯ ಕಡೆಗೋ ಹೊರಡುತ್ತದೆ. ಇಳಿದವರನ್ನು ಯಕ್ಷಗಾನದ ವೇಷಗಳು ಸ್ವಾಗತಿಸುತ್ತವೆ; ಬಸ್ಸುಗಳು ಕಾದು ನಿಂತಿರುತ್ತವೆ. ಕುದ್ರೋಳಿಯ ಗೋಕರ್ಣನಾಥ ದೇವಾಲಯ, ಸಂತ ಅಲೋಶಿಯಸ್ ಕಾಲೇಜಿನ ಚಿತ್ರಿತ ಪ್ರಾರ್ಥನಾಲಯ, ಗೋಡಂಬಿ ಕಾರ್ಖಾನೆ, ಮಾರುಕಟ್ಟೆ ಇವು ನಗರ ಸುತ್ತುವವರ ದಾರಿ. ಸ್ವಲ್ಪ ದೂರ ಹೋಗಬಯಸುವವರಿಗೆ ಮಂಗಳೂರಿನಿಂದ ಸುಮಾರು 35 ಕಿ.ಮೀ. ದೂರದ ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಅದರಾಚೆಗೆ ಕಾರ್ಕಳದ ಗೊಮ್ಮಟ.

ಒಮ್ಮೆ ಸ್ನಾತಕೋತ್ತರ ವಿದ್ಯಾರ್ಥಿಗಳನ್ನು ಅಧ್ಯಯನ ಪ್ರವಾಸಕ್ಕೆ ಕರೆದೊಯ್ದಿದ್ದಾಗ ಅಂಥದೊಂದು ತಂಡ ಬಸದಿಯಲ್ಲಿ ನಮಗೆ ಎದುರಾಯಿತು. ಮಾರ್ಗದರ್ಶಿ ಉತ್ಸಾಹಿ ಯುವಕ, ಮಾತು ಸ್ಫುಟವಾಗಿತ್ತು. ಒಂದು ಕಂಬದಂತೆ ಇನ್ನೊಂದಿಲ್ಲವೆಂದು ಹೇಳಿದ. ಮೇಲಿನ ಮಾಡು ನೇಪಾಳದ ಶೈಲಿಯದೆಂದ. ಛಾಯಾಚಿತ್ರಕ್ಕೆ ಹತ್ತು ನಿಮಿಷ ಕೊಟ್ಟು ಬಸ್ಸಿಗೆ ಕರೆದ. ನನ್ನ ವಿದ್ಯಾರ್ಥಿನಿಯೊಬ್ಬಳು, "ಸರ್, ನಾವೂ ಇಷ್ಟೇ ಅಲ್ಲವೇ ನೋಡಿದ್ದು?" ಎಂದು ಕೇಳಿದಳು. ಆ ಪ್ರಶ್ನೆಯೇ ಈ ಲೇಖನಕ್ಕೆ ಪ್ರೇರಣೆ.

ಹಡಗಿನಿಂದಿಳಿದು ತುಳುನಾಡನ್ನು ನೋಡುವುದು ಇಂದಿನ ಪ್ರವಾಸೋದ್ಯಮದ ಆವಿಷ್ಕಾರವಲ್ಲ. ಸಾವಿರ ಕಂಬದ ಬಸದಿಯೆಂದು ಲೋಕಪ್ರಸಿದ್ಧವಾದ ತ್ರಿಭುವನತಿಲಕ ಚೂಡಾಮಣಿ ಚೈತ್ಯಾಲಯವು ವಿಜಯನಗರದ ಇಮ್ಮಡಿ ದೇವರಾಯನ ಆಳ್ವಿಕೆಯಲ್ಲಿ, 1430ರ ವೇಳೆಗೆ ರೂಪುಗೊಂಡಿತು. 1432ರಲ್ಲಿ ಕಾರ್ಕಳದಲ್ಲಿ ವೀರಪಾಂಡ್ಯನು ಗೊಮ್ಮಟನನ್ನು ಪ್ರತಿಷ್ಠಾಪಿಸಿದನು. ಇದಾದ ಹನ್ನೊಂದು ವರ್ಷಗಳಿಗೆ, 1443ರಲ್ಲಿ, ಹೆರಾತಿನ ಶಾರುಖನ ರಾಯಭಾರಿ ಅಬ್ದುರ್ ರಜಾಕನು ಕಲ್ಲಿಕೋಟೆಯಿಂದ ಹಡಗು ಹತ್ತಿ ಮಂಗಳೂರಿನಲ್ಲಿ ಇಳಿದನು. ಎರಡು ಮೂರು ದಿನ ಅಲ್ಲಿ ತಂಗಿ, ಭೂಮಾರ್ಗವಾಗಿ ವಿಜಯನಗರಕ್ಕೆ ಹೊರಟನು. ಮಂಗಳೂರಿನಿಂದ ಮೂರು ಫರಸಂಗದ ದೂರದಲ್ಲಿ ತಾನು ಕಂಡ ದೇಗುಲವೊಂದನ್ನು ಅವನು ಬೆರಗಿನಿಂದ ವರ್ಣಿಸಿದ್ದಾನೆ. ಅದು ಎರಕದ ಹಿತ್ತಾಳೆಯ ಕಟ್ಟಡ. ಮುಂಭಾಗದಲ್ಲಿ ಆಳೆತ್ತರದ ಚಿನ್ನದ ಮೂರ್ತಿ. ಕಣ್ಣುಗಳಿಗೆ ಕೆಂಪು ಮಾಣಿಕ್ಯಗಳನ್ನು ಕೂರಿಸಿದ್ದು, ಅದು ನೋಡುವವನನ್ನೇ ದಿಟ್ಟಿಸುವಂತಿತ್ತು. ಲೋಹದ ಹೊಳಪು, ಉದ್ದಗಲಗಳ ಅಳತೆ, ಕುಶಲತೆಯ ಬೆರಗು ಇವೆಲ್ಲ ಅವನ ಬರಹದಲ್ಲಿವೆ. ಅದು ಯಾರ ದೇಗುಲ, ಮೂರ್ತಿ ಯಾರದು, ಕಟ್ಟಿಸಿದವರು ಯಾರು ಎಂಬುದು ಮಾತ್ರ ಇಲ್ಲ. ಕಣ್ಣು ಕಂಡದ್ದು ದಾಖಲಾಯಿತು. ಕೇಳಿ ತಿಳಿಯಬೇಕಾದದ್ದು ಉಳಿದುಹೋಯಿತು.

ಇದಕ್ಕೆ ಪ್ರತಿಯಾಗಿ ನೆನೆಯಬೇಕಾದವನು ರೋಮಿನ ಪಿಯೆತ್ರೊ ದೆಲ್ಲಾ ವಲ್ಲೆ. 1623ರಲ್ಲಿ ಅವನು ಕೆಳದಿಯ ವೆಂಕಟಪ್ಪ ನಾಯಕನ ಆಸ್ಥಾನಕ್ಕೆ ಹೊರಟಿದ್ದ ಪೋರ್ಚುಗೀಸ್ ರಾಯಭಾರಿಯೊಡನೆ ಗೋವೆಯಿಂದ ಸಮುದ್ರಮಾರ್ಗವಾಗಿ ಹೊನ್ನಾವರಕ್ಕೆ ಬಂದು, ಗೇರುಸೊಪ್ಪೆಯ ಮೂಲಕ ಘಟ್ಟವೇರಿ ಇಕ್ಕೇರಿಯನ್ನು ಸೇರಿದನು. ಆ ದಾರಿಯಲ್ಲಿ ಸಾಮಾನು ಸರಂಜಾಮುಗಳನ್ನು ಹೊಂದಿಸಿಕೊಳ್ಳುವುದು ತಡವಾದಾಗ ಗುಡಿಯೊಂದರ ಮಂಟಪದಲ್ಲಿ ಸುಮ್ಮನೆ ಕುಳಿತನು. ಅಲ್ಲಿ ಕೆಲವು ಹುಡುಗರು ನೆಲದ ಮೇಲೆ ಸಣ್ಣ ಮರಳು ಹರವಿ, ಬೆರಳಿನಿಂದ ಅಂಕಿಗಳನ್ನು ಬರೆಯುತ್ತ, ರಾಗವಾಗಿ ಹೇಳಿಕೊಳ್ಳುತ್ತ ಲೆಕ್ಕ ಕಲಿಯುತ್ತಿದ್ದರು. ಉಪಾಧ್ಯಾಯರು ಯಾರೂ ಇರಲಿಲ್ಲ. ಅವರೇ ಒಬ್ಬರಿಗೊಬ್ಬರು ಹೇಳಿಕೊಡುತ್ತಿದ್ದರು. ನೆಲ ತುಂಬಿದರೆ ಏನು ಮಾಡುತ್ತೀರಿ ಎಂದು ಅವನು ಕೇಳಿ ತಿಳಿದುಕೊಂಡನು. ಹದಿನೇಳನೆಯ ಶತಮಾನದ ಕನ್ನಡ ನಾಡಿನ ಗ್ರಾಮಶಿಕ್ಷಣದ ಬಗೆಗೆ ಕಣ್ಣಾರೆ ಕಂಡು ಬರೆದ ಅಮೂಲ್ಯ ಸಾಕ್ಷ್ಯವಿದು. ಇದು ದೊರಕಿದ್ದು ಯಾರೋ ತೋರಿಸಿದ್ದರಿಂದಲ್ಲ, ಪ್ರಯಾಣ ತಡವಾದುದರಿಂದ.

ಅನಂತರ ಅವನು ಮಂಗಳೂರಿಗೆ ಬಂದು, ಉಳ್ಳಾಲದ ರಾಣಿಯನ್ನು ನೋಡಲು ಗುರುಪುರ ಹೊಳೆಯ ಬಳಿಯ ಮಣೇಲಿಗೆ ಹೋದನು. ಅರಮನೆಯಲ್ಲಿ ಸಿಂಹಾಸನದ ಮೇಲೆ ಕುಳಿತ ರಾಣಿಯನ್ನು ಅವನು ಕಾಣಲಿಲ್ಲ. ಹೊಲದಲ್ಲಿ ನೀರಿನ ಕಾಲುವೆ ತೋಡುವ ಕೆಲಸವನ್ನು ಬರಿಗಾಲಿನಲ್ಲಿ ನಿಂತು ನೋಡಿಕೊಳ್ಳುತ್ತಿದ್ದ ಹೆಂಗಸನ್ನು ಕಂಡನು. ದುಭಾಷಿಯ ಮೂಲಕ ಅವಳೊಡನೆ ಮಾತನಾಡಿದನು. ಕದ್ರಿಗೆ ಹೋಗಿ ಅಲ್ಲಿನ ಜೋಗಿಗಳ ಅರಸನನ್ನೂ ಕಂಡನು. ಅವನ ಬರಹದಲ್ಲಿ ಯೂರೋಪಿನವನ ತಾತ್ಸಾರವೂ ಅಲ್ಲಲ್ಲಿ ಇಣುಕುತ್ತದೆ. ಆದರೂ ಕೇಳುವ ಕುತೂಹಲ, ನಿಂತು ನೋಡುವ ತಾಳ್ಮೆ ಇದ್ದುದರಿಂದ ತುಳುನಾಡಿನ ಒಬ್ಬ ರಾಣಿ ನಮಗೆ ಕೇವಲ ಹೆಸರಾಗಿ ಉಳಿಯದೆ ಮನುಷ್ಯಳಾಗಿ ದೊರಕಿದ್ದಾಳೆ. ಇಂದು ಮಂಗಳೂರಿನಿಂದ ಮೂಡುಬಿದಿರೆಗೆ ಸಾಗುವ ಹೆದ್ದಾರಿ ಅದೇ ಗುರುಪುರವನ್ನು ಹಾದುಹೋಗುತ್ತದೆ.

ಮೂರನೆಯ ಪ್ರವಾಸಿಗ ನಮ್ಮ ಸೀಮೆಯ ಮೂಲಕವೇ ಕರಾವಳಿ ತಲುಪಿದವನು. ಟಿಪ್ಪುವಿನ ಪತನದ ಮರುವರ್ಷ, 1800ರ ಏಪ್ರಿಲ್‌ನಲ್ಲಿ ಫ್ರಾನ್ಸಿಸ್ ಬುಕಾನನ್ ಗವರ್ನರ್ ಜನರಲ್ ವೆಲ್ಲೆಸ್ಲಿಯ ಆದೇಶದಂತೆ ಮದ್ರಾಸಿನಿಂದ ಹೊರಟು ಶ್ರೀರಂಗಪಟ್ಟಣಕ್ಕೆ ಬಂದನು. ನಾಗಮಂಗಲ, ಮೇಲುಕೋಟೆ, ತೊಣ್ಣೂರುಗಳನ್ನು ಕಂಡು, ಮಲಬಾರನ್ನು ಸುತ್ತಿ, 1801ರ ಫೆಬ್ರವರಿಯಲ್ಲಿ ಮೂಡುಬಿದಿರೆ, ಕಾರ್ಕಳಗಳಲ್ಲಿದ್ದನು. ಅವನು ನೋಡಲು ಬಂದವನಲ್ಲ, ಲೆಕ್ಕ ಹಾಕಲು ಬಂದ ಕಂಪನಿಯ ನೌಕರ: ಬೆಳೆ ಯಾವುದು, ಗೇಣಿ ಎಷ್ಟು, ಯಾವ ಜಾತಿಯವರ ಕಸುಬು ಏನು ಎಂದು ಹೋದಲ್ಲೆಲ್ಲ ವಿಚಾರಿಸಿದನು. ತುಳುನಾಡಿನಲ್ಲಿ ಜೈನರನ್ನು ಅವರ ಆಚಾರ ವಿಚಾರಗಳ ಬಗ್ಗೆ ಕೇಳಿ ಬರೆದುಕೊಂಡನು. 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾದ ಅವನ ಪ್ರವಾಸ ಕಥನದಲ್ಲಿ ಈ ವಿವರಗಳಿವೆ. ಜೈನರನ್ನು ಕುರಿತ ಅವನ ಟಿಪ್ಪಣಿಗಳು ಕರ್ನಲ್ ಮೆಕೆಂಜಿಯ ಬರಹದೊಂದಿಗೆ 'ಏಷಿಯಾಟಿಕ್ ರಿಸರ್ಚಸ್' ಪತ್ರಿಕೆಯ ಒಂಬತ್ತನೆಯ ಸಂಪುಟದಲ್ಲಿಯೂ ಪ್ರಕಟವಾದವು. ಯೂರೋಪಿನ ವಿದ್ವತ್ ಲೋಕಕ್ಕೆ ಜೈನಧರ್ಮದ ತೊಡಗುವ ಪರಿಚಯ ದೊರಕಿದ್ದು ಇಂಥ ಬರಹಗಳಿಂದ ಎಂಬುದನ್ನು ನೆನೆದರೆ ಒಂದು ಸಂಗತಿ ಮನದಟ್ಟಾಗುತ್ತದೆ. ಊರಿಗೆ ಬಂದ ಪರಕೀಯನಿಗೆ ಊರಿನವನು ಹೇಳಿದ ಮಾತು ಅಲ್ಲಿಗೇ ಮುಗಿಯುವುದಿಲ್ಲ. ಅದು ಕಡಲು ದಾಟಿ ಪುಸ್ತಕವಾಗಿ, ಪ್ರಮಾಣವಾಗಿ ನಿಲ್ಲುತ್ತದೆ.

ಕೆಲವೊಮ್ಮೆ ಆ ಮಾತು ತಿರುಗಿ ಬರುತ್ತದೆ ಕೂಡ. ನಮ್ಮ ಮಾರ್ಗದರ್ಶಿ ಹೇಳಿದ 'ನೇಪಾಳದ ಶೈಲಿ'ಯನ್ನೇ ನೋಡಬಹುದು. ಮೂಡುಬಿದಿರೆಯ ಬಸದಿಗಳ ಇಳಿಜಾರು ಮಾಡುಗಳನ್ನು ನೇಪಾಳದ ಕಟ್ಟಡಗಳೊಂದಿಗೆ ಹೋಲಿಸಿದವನು ಹತ್ತೊಂಬತ್ತನೆಯ ಶತಮಾನದ ವಾಸ್ತುಶಿಲ್ಪ ಚರಿತ್ರಕಾರ ಜೇಮ್ಸ್ ಫರ್ಗುಸನ್. ಅದು ದೂರದಿಂದ ಮಾಡಿದ ಹೋಲಿಕೆ. ವಾರ್ಷಿಕ 3,500 ಮಿ.ಮೀ.ಗೂ ಮೀರಿ ಮಳೆ ಸುರಿಯುವ ನಾಡಿನಲ್ಲಿ ಮಾಡು ಇಳಿಜಾರಾಗಿರದೆ ಹೇಗಿರಬೇಕು? ತುಳುನಾಡಿನ ಗುತ್ತಿನ ಮನೆಗಳೂ ಗುಡಿಗಳೂ ಇದೇ ಮಳೆಗೆ ಇದೇ ಉತ್ತರ ಕೊಟ್ಟಿವೆ. ವಿದ್ವಾಂಸನ ಹೋಲಿಕೆ ಪುಸ್ತಕದಿಂದ ಪುಸ್ತಕಕ್ಕೆ ದಾಟಿ, ಕೊನೆಗೆ ಮಾರ್ಗದರ್ಶಿಯ ನಾಲಗೆಯಲ್ಲಿ ಸತ್ಯವಾಗಿ ನೆಲೆಸಿತು. ಕಣ್ಣೆದುರಿನ ಮಳೆ ಮರೆಯಾಗಿ, ಕಾಣದ ನೇಪಾಳ ಕಾರಣವಾಯಿತು.

ಅದೇ ಬಸದಿಯಲ್ಲಿ ಹಡಗಿನವರು ನಿಂತು ನೋಡಲೇಬೇಕಾದ ಒಂದು ಸಂಗತಿಯಿದೆ. ಹದಿನೈದನೆಯ ಶತಮಾನದ ಭೈರಾದೇವಿ ಮಂಟಪದ ಅಧಿಷ್ಠಾನದ ಪಟ್ಟಿಕೆಯಲ್ಲಿ ಜಿರಾಫೆಯ ಕೆತ್ತನೆಯಿದೆ. ಚೀನೀ ಮಾದರಿಯ ಡ್ರ್ಯಾಗನ್ ಕೂಡ ಇದೆ. ಜಿರಾಫೆ ಆಫ್ರಿಕದ ಪ್ರಾಣಿ. ಚೀನದ ನೌಕಾಧಿಪತಿ ಝೆಂಗ್ ಹೆಯ ಹಡಗುಗಳು ಹಿಂದೂ ಮಹಾಸಾಗರದಲ್ಲಿ ಸಂಚರಿಸಿದ್ದು 1405ರಿಂದ 1433ರ ನಡುವೆ; ಮಿಂಗ್ ಆಸ್ಥಾನಕ್ಕೆ ಜಿರಾಫೆಯೊಂದು ಕಾಣಿಕೆಯಾಗಿ ಹೋದದ್ದು 1414ರಲ್ಲಿ. ಮೂಡುಬಿದಿರೆಯ ರೂವಾರಿ ಆ ಪ್ರಾಣಿಯನ್ನು ಕಂಡಿರಲಿ, ಚಿತ್ರದಲ್ಲಿ ನೋಡಿರಲಿ, ನಾವಿಕರ ಬಾಯಲ್ಲಿ ಕೇಳಿರಲಿ, ಅದು ಅವನನ್ನು ಮುಟ್ಟಿದ್ದು ಕಡಲಿನ ದಾರಿಯಿಂದಲೇ. ಇಬ್ನ್ ಬತೂತನು ಹದಿನಾಲ್ಕನೆಯ ಶತಮಾನದಲ್ಲಿ ಪರ್ಷಿಯ, ಯೆಮನ್‌ಗಳ ವರ್ತಕರನ್ನು ಕಂಡದ್ದು ಇದೇ ಮಂಗಳೂರಿನಲ್ಲಿ. ಮೆಣಸು, ಶುಂಠಿ ಹೊತ್ತು ಹೋದ ಹಡಗುಗಳು ತಂದ ಸಿರಿಯಲ್ಲಿ ಜೈನ ವರ್ತಕರ ಪಾಲಿತ್ತು. ಹದಿನೆಂಟು ಬಸದಿಗಳ ಈ ಪೇಟೆ ಬೆಳೆದದ್ದು ಆ ವ್ಯಾಪಾರದ ಬಲದಿಂದ. ಹಾಗಾಗಿ ಹಡಗಿನಲ್ಲಿ ಬಂದವರು ಇಲ್ಲಿ ಅನ್ಯರಲ್ಲ; ಅವರು ನೋಡುತ್ತಿರುವ ಕಟ್ಟಡವೇ ಹಡಗುಗಳ ಕಥೆ. ಛಾಯಾಚಿತ್ರದ ಹತ್ತು ನಿಮಿಷಗಳಲ್ಲಿ ಎರಡನ್ನು ಇದಕ್ಕೆ ಕೊಟ್ಟಿದ್ದರೆ ಆ ಮಧ್ಯಾಹ್ನಕ್ಕೆ ಅರ್ಥ ಬರುತ್ತಿತ್ತು.

ಆದರೆ ದೋಷವನ್ನು ಹಡಗಿನ ಗಡಿಯಾರದ ಮೇಲೆ ಹೊರಿಸಿ ಸುಮ್ಮನಾಗುವುದು ನ್ಯಾಯವಲ್ಲ. ನೋಡಿ ಹಿಂತಿರುಗುವ ಅಭ್ಯಾಸ ನಮ್ಮದೂ ಹೌದು. ಷಟ್ಖಂಡಾಗಮದ ಧವಲಾ ಟೀಕೆ, ಜಯಧವಲಾ, ಮಹಾಧವಲಗಳ ತಾಳೆಯೋಲೆ ಪ್ರತಿಗಳು ಶತಮಾನಗಳ ಕಾಲ ಮೂಡುಬಿದಿರೆಯ ಗುರುಬಸದಿಯಲ್ಲಿ ಉಳಿದವು. ಭಾಷೆ ಪ್ರಾಕೃತ, ಸಂಸ್ಕೃತ, ಲಿಪಿ ಹಳಗನ್ನಡ. ದೇಶದ ಮೂಲೆಮೂಲೆಗಳಿಂದ ಯಾತ್ರಿಕರು ಬಂದು 'ಸಿದ್ಧಾಂತ ದರ್ಶನ' ಪಡೆದು, ಕೈಮುಗಿದು, ಕಾಣಿಕೆ ಇಟ್ಟು ಹೋಗುತ್ತಿದ್ದರು. ಗ್ರಂಥ ದರ್ಶನದ ವಸ್ತುವಾಗಿತ್ತು, ಓದಿನ ವಸ್ತುವಾಗಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ರತಿ ಮಾಡುವ ಕಾರ್ಯ ಆರಂಭವಾಗಿ, ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಷಟ್ಖಂಡಾಗಮದ ಮೊದಲ ಸಂಪುಟ ಅಚ್ಚಾದದ್ದು 1939ರಲ್ಲಿ. ಓಲೆಗಳನ್ನು ಕಾಪಾಡಿದ್ದು ಭಕ್ತಿ, ಇದನ್ನು ಮರೆಯಲಾಗದು. ಆದರೆ ಅವು ಮತ್ತೆ ಮಾತನಾಡಿದ್ದು ಓದುವವರು ಬಂದ ಮೇಲೆ. ನಾಲ್ಕು ಗಂಟೆಗೆ ಹಡಗು ಹತ್ತಬೇಕಾದವನನ್ನು ನಾವು ನಗುವ ಮುನ್ನ, ನಾವೆಷ್ಟು ಕಾಲ ಹಾಗೆಯೇ ನೋಡುತ್ತ ನಿಂತಿದ್ದೆವು ಎಂಬುದನ್ನು ನೆನೆಯಬೇಕು.

ಹಾಗಾದರೆ ಮಾಡಬೇಕಾದುದೇನು? ಹಡಗು ಕಾಯುವುದಿಲ್ಲ, ಮಾರ್ಗದರ್ಶಿಗೆ ದೊರಕುವುದು ಒಂದೇ ಗಂಟೆ. ಆ ಒಂದು ಗಂಟೆಗೆ ಬೇಕಾದ ಮಾತನ್ನು ಸಿದ್ಧಪಡಿಸಿಕೊಡುವುದು ಸಾಹಿತ್ಯ ಮತ್ತು ಶಾಸನದ ವಿದ್ಯಾರ್ಥಿಗಳ ಹೊಣೆ. ಕಾರ್ಕಳದಲ್ಲಿ ಗೊಮ್ಮಟನ ಎತ್ತರ 42 ಅಡಿ ಎಂದು ಎಲ್ಲರೂ ಹೇಳುತ್ತಾರೆ. ಆ ಮೂರ್ತಿಯನ್ನು ಬಂಡಿಯ ಮೇಲಿಟ್ಟು ಬೆಟ್ಟಕ್ಕೆ ಏರಿಸಿದ ಬಗೆಯನ್ನು ಕವಿ ಚಂದ್ರಮನು ತನ್ನ ಸಾಂಗತ್ಯದಲ್ಲಿ ವರ್ಣಿಸಿದ್ದಾನೆಂದು ಹೇಳುವವರು ವಿರಳ. ಮೂಡುಬಿದಿರೆ 'ಭರತೇಶ ವೈಭವ'ದ ರತ್ನಾಕರವರ್ಣಿಯ ಊರು ಎಂಬುದು ಬಸ್ಸಿನಲ್ಲಿ ಕುಳಿತಾಗಲೇ ಹೇಳಬಹುದಾದ ಮಾತು. ಕಟ್ಟಡದ ಶಾಸನೋಕ್ತ ಹೆಸರು, ಮಳೆ, ಜಿರಾಫೆ, ಕವಿ ಎಂಬ ನಾಲ್ಕು ವಾಕ್ಯಗಳು ಯಾರ ಸಮಯವನ್ನೂ ಹೆಚ್ಚು ಬೇಡುವುದಿಲ್ಲ. ತಿಳಿದವರು ಮೊದಲು ಬರೆದುಕೊಡಬೇಕು ಅಷ್ಟೆ. ಸಂಶೋಧನೆ ಪ್ರಬಂಧಗಳ ಪುಟಗಳಲ್ಲಿ ಉಳಿದು, ಮಾರ್ಗದರ್ಶಿಯ ನಾಲಗೆ ಫರ್ಗುಸನ್ನನ ಕಾಲದಲ್ಲೇ ನಿಂತಿದ್ದರೆ ತಪ್ಪು ಮಾರ್ಗದರ್ಶಿಯದಲ್ಲ.

ಈ ಮಾತನ್ನು ನಮ್ಮ ಸೀಮೆಗೂ ಅನ್ವಯಿಸಿಕೊಳ್ಳಬೇಕು. ನಾಗಮಂಗಲ ತಾಲೂಕಿನ ಕಂಬದಹಳ್ಳಿಗೆ ಹೆಸರನ್ನೇ ಕೊಟ್ಟ ಬ್ರಹ್ಮದೇವರ ಕಂಬವಿದೆ, ಪಂಚಕೂಟ ಬಸದಿಯಿದೆ. ಕೆ.ಆರ್. ಪೇಟೆ ತಾಲೂಕಿನ ಹೊಸಹೊಳಲಿನಲ್ಲಿ ಲಕ್ಷ್ಮೀನಾರಾಯಣ ದೇವಾಲಯದ ಸೊಬಗಿಗೆ ಮನಸೋತವರು ಅದೇ ಊರಿನ ಪಾರ್ಶ್ವನಾಥ ಬಸದಿಯತ್ತ ಹೊರಳುವುದು ಕಡಿಮೆ. ಇಲ್ಲಿಗೆ ಯಾವ ಹಡಗೂ ಬರುವುದಿಲ್ಲ. ಸಂಜೆಗೆ ಬಂದರು ಸೇರಬೇಕೆಂಬ ಅವಸರವೂ ಇಲ್ಲ. ಸಮಯ ನಮ್ಮ ಕೈಯಲ್ಲಿಯೇ ಇದೆ. ಇದ್ದೂ ಓದದೆ ಹೋದರೆ ಯಾವ ಗಡಿಯಾರವನ್ನು ದೂರೋಣ? ಆ ದಿನ ಪ್ರಶ್ನೆ ಕೇಳಿದ ವಿದ್ಯಾರ್ಥಿನಿಗೆ ನಾನು ಅಲ್ಲಿ ಕೊಡಲಾಗದ ಉತ್ತರ ಇದು. ಮರುವಾರ ತರಗತಿಯಲ್ಲಿ ಪಾಠ ನಿಲ್ಲಿಸಿ, ಎಲ್ಲರನ್ನೂ ಕಂಬದಹಳ್ಳಿಗೆ ಕರೆದೊಯ್ದೆ. ಈ ಸಲ ಛಾಯಾಚಿತ್ರಕ್ಕಿಂತ ಮೊದಲು ಶಾಸನದ ಪಾಠವನ್ನು ಕೈಗೆ ಕೊಟ್ಟೆ.