ಗಡಿಯ ಊಟ: ಟೆಕ್ಸಾಸಿನಿಂದ ಹಿಂದೂಪುರಕ್ಕೆ

ಕಳೆದ ವರ್ಷ ಸ್ನೇಹಿತರೊಬ್ಬರ ಮನೆಯ ಗೃಹಪ್ರವೇಶಕ್ಕೆ ಹಿಂದೂಪುರಕ್ಕೆ ಹೋಗಿದ್ದೆ. ಬೀದಿಯಲ್ಲಿ ತೆಲುಗು, ಅಡುಗೆಮನೆಯಲ್ಲಿ ಕನ್ನಡ ಆಡುವ ಮನೆ ಅದು. ನಮ್ಮ ಕಾಸರಗೋಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮರುದಿನ ರಾತ್ರಿ, ಟೆಕ್ಸಾಸಿನಿಂದ ರಜೆಗೆ ಬಂದಿದ್ದ ಮಗ ‘ಫಹೀಟಾ’ ಮಾಡುತ್ತೇನೆಂದು ಒಲೆಯ ಮುಂದೆ ನಿಂತ.

ಮೂಳೆ ತೆಗೆದ ಕೋಳಿಯನ್ನು ಬೆರಳುದ್ದಕ್ಕೆ ಸೀಳಿ, ನಿಂಬೆರಸ, ಬೆಳ್ಳುಳ್ಳಿ, ಜೀರಿಗೆ, ಖಾರದಪುಡಿ, ಉಪ್ಪು, ಎಣ್ಣೆ ಕಲಸಿ ಒಂದು ಗಂಟೆ ಇಟ್ಟ. ಕಬ್ಬಿಣದ ಹೆಂಚು ಹೊಗೆಯಾಡುವಷ್ಟು ಕಾದ ಮೇಲೆ ಸ್ವಲ್ಪ ಸ್ವಲ್ಪವೇ ಹಾಕಿ ಹುರಿದ. ಒಮ್ಮೆಲೇ ಸುರಿದರೆ ನೀರು ಬಿಟ್ಟುಕೊಂಡು ಬೇಯುತ್ತದೆಯೇ ಹೊರತು ಹುರಿಯುವುದಿಲ್ಲವಂತೆ. ಬಳಿಕ ಅದೇ ಹೆಂಚಿನಲ್ಲಿ ಈರುಳ್ಳಿ, ದೊಣ್ಣೆಮೆಣಸಿನಕಾಯಿ. ಎಲ್ಲವನ್ನೂ ಚಪಾತಿಯಲ್ಲಿ ಸುತ್ತಿ ಕೊಟ್ಟ. “ಚಪಾತೀಲಿ ಕೋಳಿ ಸುತ್ತಾಕೆ ಇಷ್ಟು ದೊಡ್ಡ ಹೆಸರ್ಯಾಕಪ್ಪ?” ಎಂದರು ತಾಯಿ.

ಹೆಸರಿನ ಹಿಂದೆ ಒಂದು ಚರಿತ್ರೆಯಿದೆ. ಸ್ಪಾನಿಷ್ ಭಾಷೆಯಲ್ಲಿ ‘ಫಾಹಾ’ ಎಂದರೆ ಪಟ್ಟಿ. ಟೆಕ್ಸಾಸ್–ಮೆಕ್ಸಿಕೋ ಗಡಿಯ ದನದ ಹಟ್ಟಿಗಳಲ್ಲಿ ದುಡಿಯುತ್ತಿದ್ದ ಮೆಕ್ಸಿಕನ್ ಕೂಲಿಗಳಿಗೆ, ಒಡೆಯರು ಬೇಡವೆಂದು ಬಿಟ್ಟ ತಲೆ, ಕರುಳು, ಹೊಟ್ಟೆಯ ಬಳಿಯ ಪಟ್ಟಿಮಾಂಸ ಸಂಬಳದ ಭಾಗವಾಗಿ ಸಿಗುತ್ತಿತ್ತು. ಆ ಗಟ್ಟಿ ಮಾಂಸವನ್ನು ಕೆಂಡದಲ್ಲಿ ಸುಟ್ಟು ರೊಟ್ಟಿಯಲ್ಲಿ ಸುತ್ತಿ ತಿಂದರು. 1969ರಲ್ಲಿ ಟೆಕ್ಸಾಸಿನ ಕೈಲ್ ಎಂಬ ಊರಿನಲ್ಲಿ ಸನ್ನಿ ಫಾಲ್ಕನ್ ಎಂಬವರು ಅದನ್ನು ಅಂಗಡಿಯಿಟ್ಟು ಮಾರಿದರು. ಕೋಳಿ ಬಂದದ್ದು ಆಮೇಲೆ.

ಆ ಜನ ಮೂಲತಃ ವಲಸೆಗಾರರಲ್ಲ ಎಂಬುದನ್ನು ನಾವು ಗಮನಿಸಬೇಕು. ಟೆಕ್ಸಾಸ್ 1836ರಲ್ಲಿ ಮೆಕ್ಸಿಕೋದಿಂದ ಬೇರೆಯಾಯಿತು, 1845ರಲ್ಲಿ ಅಮೆರಿಕಕ್ಕೆ ಸೇರಿತು, 1848ರ ಒಪ್ಪಂದದಲ್ಲಿ ರಿಯೋ ಗ್ರಾಂಡೆ ನದಿಯೇ ಗಡಿಯಾಯಿತು. ಮನೆ ಕದಲಲಿಲ್ಲ, ಗಡಿ ಕದಲಿತು. 1956ರ ನವೆಂಬರ್ 1ರಂದು ನಮ್ಮ ಹಿರಿಯರಿಗೂ ಆದದ್ದು ಇದೇ ಅಲ್ಲವೇ?

ಹಿಂದೂಪುರದ ಕಥೆ ನಮಗಿಂತ ಮೂರು ವರ್ಷ ಮೊದಲಿನದು. ಅದರ ನೆರೆಯ ಮಡಕಶಿರಾ ಸೀಮೆಯ ಹೇಮಾವತಿ ನೊಳಂಬರ ರಾಜಧಾನಿಯಾಗಿತ್ತು. ಲೇಪಾಕ್ಷಿಯ ಗುಡಿಯಲ್ಲಿ ಕನ್ನಡ ಶಾಸನಗಳಿವೆ. 1882ರಲ್ಲಿ ಬಳ್ಳಾರಿ ಜಿಲ್ಲೆಯನ್ನು ಒಡೆದು ಅನಂತಪುರ ಜಿಲ್ಲೆ ಮಾಡಿದರು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರಿಗೆ ಬಂತು, ಅನಂತಪುರ ಆಂಧ್ರಕ್ಕೆ ಹೋಯಿತು. 2022ರಲ್ಲಿ ಮತ್ತೆ ಗೆರೆ ಎಳೆದಾಗ ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿ, ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿಯಿತು. ಆ ತಾಯಿಗೆ ಕಲ್ಯಾಣದುರ್ಗವೇ ತವರು. ಈಗ ತವರು ಕೂಡ ಬೇರೆ ಜಿಲ್ಲೆ.

ಕಲ್ಯಾಣದುರ್ಗದಲ್ಲಿ ಕೋಳಿಯೆಂದರೆ ನಾಟಿಕೋಳಿ ಸಾರು, ರಾಗಿಮುದ್ದೆ, ಬದಿಯಲ್ಲಿ ಕಡಲೆಕಾಯಿ ಚಟ್ನಿ. ಮಗನ ಅಡುಗೆ ಪರದೇಶದ್ದೆಂದು ಅವರು ಮೂಗು ಮುರಿದರು. ಆದರೆ ಆ ಸಾರಿನ ಮೆಣಸಿನಕಾಯಿ, ಟೊಮೇಟೊ, ಅನಂತಪುರದ ರೈತರು ನಂಬಿಕೊಂಡಿರುವ ಕಡಲೆಕಾಯಿ, ಎಲ್ಲದರ ತವರೂ ಅಮೆರಿಕ ಖಂಡವೇ. ನಾನು ಹೇಳಿದ್ದನ್ನು ಅವರು ನಂಬಿದಂತೆ ಕಾಣಲಿಲ್ಲ.

ಇನ್ನು ಪಾನೀಯದ ಮಾತು. ಮಗನಿಗೆ ವೈನ್ ಬೇಕಿತ್ತು. ಒಗರು ಹೆಚ್ಚಿರುವ ಕೆಂಪು ವೈನ್ ಮೆಣಸಿನ ಉರಿಯನ್ನು ಏರಿಸುತ್ತದೆ. ನಿಂಬೆ, ಖಾರ ಎರಡೂ ಇರುವಲ್ಲಿ ತಣ್ಣಗಿನ ಬಿಳಿ ವೈನ್, ತುಸು ಸಿಹಿ ಇದ್ದರೆ ಇನ್ನೂ ಒಳ್ಳೆಯದು ಎಂದು ವಿವರಿಸಿದ. ಅಂಥದ್ದು ದೂರವೇನಿಲ್ಲ. ದೊಡ್ಡಬಳ್ಳಾಪುರದ ಬಳಿ, ನಂದಿಬೆಟ್ಟದ ತಪ್ಪಲಿನಲ್ಲಿ, ಕನ್ವಲ್ ಗ್ರೋವರ್ 1988ರಲ್ಲಿ ಫ್ರೆಂಚ್ ತಳಿಯ ದ್ರಾಕ್ಷಿತೋಟ ಆರಂಭಿಸಿದ್ದರು. ಹಿಂದೂಪುರದಿಂದ ಎರಡು ಗಂಟೆಯೂ ಬೇಡದ ದಾರಿ. ಆದರೆ ನಡುವೆ ಗಡಿಯಿದೆ, ಮದ್ಯ ರಾಜ್ಯಪಟ್ಟಿಯ ವಿಷಯ.

ಈ ಊರಿಗೆ ಅದರ ನೆನಪು ಹಳೆಯದು. 1985ರಿಂದ ಮೂರು ಸಲ ಹಿಂದೂಪುರದಿಂದಲೇ ಗೆದ್ದ ಎನ್.ಟಿ. ರಾಮರಾವ್ 1995ರ ಜನವರಿಯಲ್ಲಿ ಆಂಧ್ರದಲ್ಲಿ ಸಂಪೂರ್ಣ ಪಾನನಿಷೇಧ ತಂದರು. ಸಾರಾಯಿಯಿಂದ ಬೇಸತ್ತ ನೆಲ್ಲೂರು ಕಡೆಯ ಹೆಂಗಸರು 1992ರಲ್ಲಿ ಹೂಡಿದ ಹೋರಾಟದ ಫಲ ಅದು. ಅವರ ಸಂಕಟ ಸುಳ್ಳಲ್ಲ. 1997ರಲ್ಲಿ ನಿಷೇಧ ಸಡಿಲವಾಯಿತು. ಅಷ್ಟು ಕಾಲವೂ ಕೆಲವೇ ಮೈಲಿಯಾಚೆ, ಗೌರಿಬಿದನೂರಿನಲ್ಲಿ, ಕಾನೂನು ಬೇರೆಯೇ ಇತ್ತು.

“ನಾಳೆ ಹೋಗಿ ಒಂದು ಬಾಟ್ಲಿ ತರ್ಲಾ ಅಪ್ಪ?” ಎಂದ ಮಗ.

“ಚೆಕ್‌ಪೋಸ್ಟಲ್ಲಿ ಯಾವ ಭಾಷೇಲಿ ಉತ್ತರ ಹೇಳ್ತೀಯ?” ಎಂದು ಸ್ನೇಹಿತರು ನಕ್ಕರು.

ತಾಯಿ ಎಲ್ಲರಿಗೂ ಮಜ್ಜಿಗೆ ಬಡಿಸಿದರು. ಖಾರಕ್ಕೆ ಅದು ಚೆನ್ನಾಗಿಯೇ ಹೊಂದಿತು.