ಸವಕಳಿಗೂ ಒಂದು ರೇಟು: ಹೊಸ ಗಿಟಾರ್‌ಗೆ ಹಳೇ ಗಾಯ ಮಾಡುವ ಕಥೆ



ಬಿ.ಕಾಂ ಓದಿದವರಿಗೆ ಒಂದು ಪದ ಮರೆಯೋಕೆ ಸಾಧ್ಯ ಇಲ್ಲ. ಸವಕಳಿ. ಡಿಪ್ರಿಸಿಯೇಷನ್. ಒಂದು ಮೆಷೀನ್ ತಗೊಂಡ್ರೆ, ವರ್ಷಕ್ಕೆ ಇಷ್ಟು ಅಂತ ಪುಸ್ತಕದಲ್ಲಿ ಅದರ ಬೆಲೆ ಇಳಿಸ್ತಾ ಹೋಗಬೇಕು. ಬಳಸಿದ್ದು ಸವೆಯುತ್ತೆ, ಸವೆದದ್ದಕ್ಕೆ ಬೆಲೆ ಕಮ್ಮಿ. ಮೂರು ವರ್ಷ ನಾನು ಇದನ್ನೇ ಬರೆದು ಪಾಸಾದೆ.

ಆದರೆ ಜಗತ್ತಲ್ಲಿ ಒಂದು ವ್ಯಾಪಾರ ಇದೆ. ಅಲ್ಲಿ ಹೊಸ ವಸ್ತುವನ್ನು ಕಾರ್ಖಾನೆಯಲ್ಲೇ ಗೀರಿ, ಕೆರೆದು, ತುಕ್ಕು ಹಿಡಿಸಿ, ಆಮೇಲೆ ಹೊಸದಕ್ಕಿಂತ ಜಾಸ್ತಿ ದುಡ್ಡಿಗೆ ಮಾರ್ತಾರೆ. ಅದು ಎಲೆಕ್ಟ್ರಿಕ್ ಗಿಟಾರ್ ವ್ಯಾಪಾರ. ಈ ಥರದ ಗಿಟಾರ್‌ಗೆ 'ರೆಲಿಕ್' ಅಂತಾರೆ. ಸವಕಳಿಗೆ ರೇಟು ಬಂದದ್ದು ಹೇಗೆ ಅನ್ನೋದೇ ಇವತ್ತಿನ ಎಪಿಸೋಡ್.

ಫುಲರ್ಟನ್‌ನಿಂದ ಶುರು

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಫುಲರ್ಟನ್ ಅಂತ ಒಂದು ಊರು. ಅಲ್ಲಿ ರೇಡಿಯೋ ರಿಪೇರಿ ಮಾಡ್ತಿದ್ದ ಲಿಯೋ ಫೆಂಡರ್ 1946ರಲ್ಲಿ ತನ್ನ ಹೆಸರಿನ ಕಂಪನಿ ಕಟ್ಟಿದ. ಟೆಲಿಕ್ಯಾಸ್ಟರ್, ಆಮೇಲೆ 1954ರಲ್ಲಿ ಸ್ಟ್ರ್ಯಾಟೋಕ್ಯಾಸ್ಟರ್ ಅಲ್ಲಿಂದ ಬಂದವು. ಕುಶಲಕರ್ಮಿ ತಿಂಗಳುಗಟ್ಟಲೆ ಕೂತು ಕೆತ್ತಿದ ವಾದ್ಯಗಳಲ್ಲ ಇವು. ಮರದ ಹಲಗೆ ಕತ್ತರಿಸಿ, ನಾಲ್ಕು ಸ್ಕ್ರೂ ಹಾಕಿ ಕತ್ತು ಜೋಡಿಸಿ, ಕಾರಿಗೆ ಹೊಡೆಯೋ ಬಣ್ಣ ಹೊಡೆದು ಕಳಿಸ್ತಿದ್ದರು. ಅಪ್ಪಟ ಕಾರ್ಖಾನೆ ಮಾಲು.

ಆ ಬಣ್ಣದ ಹೆಸರು ನೆನಪಿಟ್ಟುಕೊಳ್ಳಿ: ನೈಟ್ರೋಸೆಲ್ಯುಲೋಸ್ ಲ್ಯಾಕರ್. ತೆಳು ಪದರ. ವರ್ಷ ಕಳೆದ ಹಾಗೆ ಹಳದಿಗೆ ತಿರುಗುತ್ತೆ. ಚಳಿ, ಸೆಕೆ ಅಂತ ಮರ ಹಿಗ್ಗಿ ಕುಗ್ಗಿದಾಗ ಅದರ ಜೊತೆ ಹೋಗೋಕಾಗದೆ ಕೂದಲೆಳೆಯಂಥ ಬಿರುಕು ಬಿಡುತ್ತೆ. ಮೈ, ಕೈ, ಬೆಲ್ಟಿನ ಬಕಲ್ ತಾಗಿದ ಕಡೆ ಉದುರುತ್ತೆ. ಅಂದರೆ ಆ ಬಣ್ಣಕ್ಕೆ ತಾಳಿಕೆ ಕಮ್ಮಿ. ಮುಂದೆ ಬೆಲೆ ಬಂದದ್ದು ಆ ದೌರ್ಬಲ್ಯಕ್ಕೇ.

1965ರ ಜನವರಿಯಲ್ಲಿ ಫೆಂಡರ್ ಕಂಪನಿಯನ್ನು 1.3 ಕೋಟಿ ಡಾಲರ್‌ಗೆ ಸಿಬಿಎಸ್ ಕೊಂಡುಕೊಂಡಿತು. ಟಿವಿ, ರೇಡಿಯೋ ನಡೆಸೋ ದೊಡ್ಡ ಸಂಸ್ಥೆ ಅದು. ಕೆಲವೇ ವರ್ಷದಲ್ಲಿ ದಪ್ಪ ಪಾಲಿಯೆಸ್ಟರ್ ಬಣ್ಣ ಬಂತು. ಗುಣಮಟ್ಟ ಇಳೀತು ಅಂತ ನುಡಿಸೋರು ಗೊಣಗೋಕೆ ಶುರು ಮಾಡಿದ್ರು. ಎಷ್ಟು ನಿಜ, ಎಷ್ಟು ಗುಮಾನಿ ಅನ್ನೋದು ಬೇರೆ ಮಾತು. ಆದರೆ 'ಸಿಬಿಎಸ್‌ಗಿಂತ ಮುಂಚಿನದು' ಅನ್ನೋದೇ ಒಂದು ದರ್ಜೆ ಆಯ್ತು. ಡಿಮ್ಯಾಂಡ್ ಏರ್ತಾ ಇದೆ, ಸಪ್ಲೈ ಮಾತ್ರ 1965ಕ್ಕೇ ನಿಂತುಹೋಗಿದೆ. ಎಕನಾಮಿಕ್ಸ್ ಮೇಷ್ಟ್ರು ಬೋರ್ಡ್ ಮೇಲೆ ಗೆರೆ ಎಳೆದು ತೋರಿಸ್ತಿದ್ದದ್ದು ಇದನ್ನೇ.

ಬೆವರಿನಲ್ಲಿ ಕರಗಿದ ಬಣ್ಣ

ಐರ್ಲೆಂಡಿನ ಕಾರ್ಕ್ ಪಟ್ಟಣದಲ್ಲಿ 1963ರಲ್ಲಿ 15 ವರ್ಷದ ಹುಡುಗ ರೋರಿ ಗ್ಯಾಲಹರ್ ಒಂದು ಸೆಕೆಂಡ್ ಹ್ಯಾಂಡ್ ಸ್ಟ್ರ್ಯಾಟ್ ತಗೊಂಡ. 1961ರ ಗಿಟಾರ್. ಬೆಲೆ 100 ಪೌಂಡ್‌ಗೆ ಸ್ವಲ್ಪ ಕಮ್ಮಿ, ಅದೂ ಸಾಲದ ಮೇಲೆ. ಆಮೇಲೆ ಡಬ್ಲಿನ್‌ನಲ್ಲಿ ಅದು ಕಳುವಾಯ್ತು. ಕೆಲವು ದಿನ ಬಿಟ್ಟು ಒಂದು ಹಳ್ಳದಲ್ಲಿ ಸಿಕ್ತು. ಅವನು ಮತ್ತೆ ಅದನ್ನೇ ನುಡಿಸಿದ, ಸಾಯೋವರೆಗೂ ಬಿಡಲಿಲ್ಲ. ವರ್ಷಕ್ಕೆ ನೂರಾರು ಷೋ. ಬೆವರಿಗೆ ಬಣ್ಣ ಎದ್ದು ಹೋಗಿ ಕೊನೆಗೆ ಬಹುಪಾಲು ಬರೀ ಮರ ಉಳೀತು.

ಗ್ಯಾಲಹರ್ 1995ರಲ್ಲಿ ತೀರಿಕೊಂಡ. 2024ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಬಾನಮ್ಸ್ ಹರಾಜಿನಲ್ಲಿ ಆ ಗಿಟಾರ್ 8 ಲಕ್ಷ 80 ಸಾವಿರ ಪೌಂಡ್‌ಗೂ ಹೆಚ್ಚಿಗೆ ಹೋಯ್ತು. ಕೊಂಡವರು ಅದನ್ನು ಐರ್ಲೆಂಡಿನ ರಾಷ್ಟ್ರೀಯ ಮ್ಯೂಸಿಯಮ್‌ಗೆ ಕೊಟ್ಟರು. 100 ಪೌಂಡಿನ ವಸ್ತು, 60 ವರ್ಷದ ಸವಕಳಿ. ಇದಕ್ಕೆ ಎಂಟ್ರಿ ಪಾಸ್ ಮಾಡೋದು ಹೇಗೆ ಹೇಳಿ?

1995: ಗಾಯಕ್ಕೂ ಕಾರ್ಖಾನೆ

1985ರಲ್ಲಿ ಫೆಂಡರ್‌ನ ನೌಕರರು, ಹೂಡಿಕೆದಾರರು ಸೇರಿ ಕಂಪನಿಯನ್ನು ಸಿಬಿಎಸ್‌ನಿಂದ ಬಿಡಿಸಿಕೊಂಡರು. 1987ರಲ್ಲಿ ಆರ್ಡರ್ ಮೇಲೆ ಗಿಟಾರ್ ಮಾಡಿಕೊಡೋ 'ಕಸ್ಟಮ್ ಶಾಪ್' ಶುರುವಾಯ್ತು. ಆಗ ದೊಡ್ಡ ಸ್ಟಾರ್‌ಗಳಿಗೆ ಒಂದು ತಲೆನೋವು ಇತ್ತು. ಹಳೇ ಗಿಟಾರ್ ಎಷ್ಟು ದುಬಾರಿ ಆಯ್ತು ಅಂದರೆ ಟೂರಿಗೆ ತಗೊಂಡು ಹೋಗೋಕೇ ಭಯ. ಮನೇಲಿಟ್ಟು ಅದರ ನಕಲು ತಗೊಂಡು ಹೋಗೋಣ ಅಂದರೆ, ನಕಲು ಫಳಫಳ ಹೊಸದು. ರೋಲಿಂಗ್ ಸ್ಟೋನ್ಸ್‌ನ ಕೀತ್ ರಿಚರ್ಡ್ಸ್ ತನಗೆ ಮಾಡಿಕೊಟ್ಟ ಗಿಟಾರ್‌ಗಳು ತೀರಾ ಹೊಸದಾಗಿ ಕಾಣ್ತವೆ ಅಂತ ತಕರಾರು ತೆಗೆದದ್ದರಿಂದಲೇ ಇದೆಲ್ಲ ಶುರುವಾಯ್ತು ಅಂತ ಒಂದು ಕಥೆ ಹೇಳ್ತಾರೆ.

ಅದೇ ಹೊತ್ತಿಗೆ ಮಿಸೌರಿ ರಾಜ್ಯದಲ್ಲಿ ವಿನ್ಸ್ ಕ್ಯುನೆಟ್ಟೊ ಅನ್ನೋ ಹವ್ಯಾಸಿ ಹೊಸ ಗಿಟಾರ್‌ಗಳನ್ನು ಹಳೇದಾಗಿ ಕಾಣಿಸೋದನ್ನು ಮನೇಲೇ ಕಲಿತಿದ್ದ. ಫೆಂಡರ್ ಅವನಿಗೆ ಕೆಲಸ ಕೊಟ್ಟಿತು. 1995ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ನ್ಯಾಮ್ ವಾದ್ಯಮೇಳದಲ್ಲಿ ಹೀಗೆ ಸವೆಸಿದ ಗಿಟಾರ್‌ಗಳನ್ನು ಇಟ್ಟರು. ನೋಡಿದವರು 'ಓ, ಮ್ಯೂಸಿಯಂ ಪೀಸ್ ತಂದಿಟ್ಟಿದ್ದಾರೆ' ಅಂತಲೇ ಅಂದುಕೊಂಡರು. ಹೊಸದು ಅಂತ ಗೊತ್ತಾದ ಮೇಲೆ ಆರ್ಡರ್ ಸುರಿಯಿತು. 1999ರ ತನಕ ಗಿಟಾರಿನ ಮೈ, ಕತ್ತು ಎಲ್ಲ ಮಿಸೌರಿಗೆ ಹೋಗಿ, ಅಲ್ಲಿ ಬಣ್ಣ ಬಳಿಸಿಕೊಂಡು, ಸವೆದು ವಾಪಸ್ ಬರ್ತಿದ್ದವು. ಆಮೇಲೆ ಆ ಕೆಲಸವನ್ನು ಫೆಂಡರ್ ತನ್ನಲ್ಲೇ ಮಾಡೋಕೆ ಶುರು ಮಾಡಿತು.

ಮಾಡೋದು ಹೇಗೆ? ಮೊದಲು ತೆಳುವಾಗಿ ನೈಟ್ರೋ ಬಣ್ಣ. ಅದನ್ನು ದಿಢೀರ್ ಅಂತ ತಣ್ಣಗೆ ಮಾಡಿದರೆ ಬಿರುಕು ಬಿಡುತ್ತೆ. ಬಲಗೈ ಊರೋ ಜಾಗ, ಬೆನ್ನಲ್ಲಿ ಬಕಲ್ ತಾಗೋ ಜಾಗ, ಬೆರಳು ಓಡಾಡೋ ಕತ್ತು, ಇವನ್ನೆಲ್ಲ ಮರಳು ಕಾಗದದಲ್ಲಿ ಉಜ್ಜಬೇಕು. ಸ್ಕ್ರೂ, ಬ್ರಿಡ್ಜು ಇತ್ಯಾದಿ ಲೋಹದ ಭಾಗಗಳಿಗೆ ಆಸಿಡ್ ಆವಿ ತೋರಿಸಿದರೆ ಹೊಳಪು ಸತ್ತು ತುಕ್ಕು ಏರುತ್ತೆ. (ಮನೇಲಿ ಟ್ರೈ ಮಾಡಬೇಡಿ, ಆ ಆವಿ ಶ್ವಾಸಕೋಶಕ್ಕೆ ಕೆಟ್ಟದ್ದು.) ಬಿಳೀ ಪ್ಲಾಸ್ಟಿಕ್ ನಾಬ್‌ಗಳನ್ನು ಟೀ, ಕಾಫಿಯಲ್ಲಿ ಅದ್ದಿ ಕಂದು ಮಾಡೋರೂ ಇದ್ದಾರೆ. ಕಷ್ಟ ಇರೋದು ಸವೆಸೋದರಲ್ಲಿ ಅಲ್ಲ, ಎಲ್ಲಿ ಸವೆಸಬಾರದು ಅನ್ನೋದರಲ್ಲಿ. ಕೈ ತಾಗದ ಕಡೆ ಬಣ್ಣ ಹೋಗಿದ್ದರೆ ಕಳ್ಳ ಸಿಕ್ಕಿಬಿದ್ದ ಹಾಗೆ.

2006ರಲ್ಲಿ ಎರಿಕ್ ಕ್ಲ್ಯಾಪ್ಟನ್‌ನ 'ಬ್ಲ್ಯಾಕಿ' ಗಿಟಾರಿನ 275 ಪ್ರತಿ ಮಾಡಿದರು, ಒಂದೊಂದು ಗೀರನ್ನೂ ಬಿಡದೆ. ಒಂದಕ್ಕೆ 24,000 ಡಾಲರ್. ಎಲ್ಲ ಖಾಲಿ. ಆದರೆ ಮೂಲ ಬ್ಲ್ಯಾಕಿ ಏನು ಗೊತ್ತಾ? 1970ರಲ್ಲಿ ಕ್ಲ್ಯಾಪ್ಟನ್ ಅಗ್ಗಕ್ಕೆ ಸಿಕ್ಕ ಆರು ಹಳೇ ಸ್ಟ್ರ್ಯಾಟ್ ಕೊಂಡು, ಮೂರನ್ನು ಗೆಳೆಯರಿಗೆ ಹಂಚಿ, ಉಳಿದ ಮೂರರ ಬಿಡಿಭಾಗ ಸೇರಿಸಿ ಜೋಡಿಸಿಕೊಂಡದ್ದು.

ಇದು ಮೋಸವಾ?

ಈ ಆಟ ಹೊಸದೇನಲ್ಲ. 1496ರ ಹೊತ್ತಿಗೆ ಯುವಕ ಮೈಕೆಲಾಂಜೆಲೊ ಕೆತ್ತಿದ ಮಲಗಿದ ಕ್ಯುಪಿಡ್ ಶಿಲ್ಪವನ್ನು ಪುರಾತನ ಅಂತ ಕಾಣಿಸೋ ಹಾಗೆ ಮಾಡಿ ರೋಮಿನ ಒಬ್ಬ ಕಾರ್ಡಿನಲ್‌ಗೆ ಮಾರಿದ್ದರು. 19ನೇ ಶತಮಾನದ ಪ್ಯಾರಿಸ್‌ನಲ್ಲಿ ವಿಯೋಮ್ ಅನ್ನೋ ಪಿಟೀಲು ತಯಾರಕ ಹಳೇ ಇಟಲಿಯ ಪಿಟೀಲುಗಳನ್ನು ನಕಲು ಮಾಡುವಾಗ ವಾರ್ನಿಷ್‌ನ ಸವೆತವನ್ನೂ ನಕಲು ಮಾಡ್ತಿದ್ದ.

ನನ್ನ ಪ್ರಕಾರ ಗೆರೆ ಸ್ಪಷ್ಟ. 'ಇದು ಹೊಸದು, ಹಳೇದರ ಹಾಗೆ ಮಾಡಿದ್ದೀವಿ' ಅಂತ ಹೇಳಿ ಮಾರಿದರೆ ವ್ಯಾಪಾರ. ಹೇಳದೆ ಮಾರಿದರೆ ಮೋಸ. ಹರಿದ ಜೀನ್ಸ್ ದುಡ್ಡು ಕೊಟ್ಟು ತಗೊಳ್ಳೋ ನಾವು ಗಿಟಾರ್ ತಗೊಂಡವರನ್ನು ನೋಡಿ ನಗೋದು ಬೇಡ. ಸವೆದ ಕತ್ತು ಹಿಡಿದರೆ ಹಳೇ ಚಪ್ಪಲಿ ಹಾಕಿದಷ್ಟು ಆರಾಮ ಅಂತ ನುಡಿಸೋರು ಹೇಳ್ತಾರೆ, ಅದೂ ನಿಜವೇ.

ಆದರೆ ನನಗೆ ಬೇರೆ ಒಂದು ವಿಷಯ ಚುಚ್ಚುತ್ತೆ. ಡಿಗ್ರಿ ಎರಡನೇ ವರ್ಷ ನಾನೂ ಒಂದು ಸೆಕೆಂಡ್ ಹ್ಯಾಂಡ್ ಕಪ್ಪು ಗಿಟಾರ್ ತಗೊಂಡು, ಹಾರ್ಡ್‌ವೇರ್ ಅಂಗಡಿಯ ಮರಳು ಕಾಗದದಲ್ಲಿ ಮೂರು ಸಂಜೆ ಉಜ್ಜಿದೆ. ದಪ್ಪ ಬಣ್ಣ, ಅದರ ಕೆಳಗೆ ಬಿಳೀ ಪ್ರೈಮರ್. ನೋಡೋಕೆ ಸುಣ್ಣ ಉದುರಿದ ಗೋಡೆ ಥರ ಆಯ್ತು.

ಚಿಕ್ಕಪ್ಪ ಬಂದವರು ನೋಡಿ, "ಏನೋ ಇದು, ಎಲ್ಲಿ ಬೀಳಿಸ್ಕೊಂಡೆ?" ಅಂದ್ರು.

"ಇಲ್ಲ ಚಿಕ್ಕಪ್ಪ, ನಾನೇ ಮಾಡಿದ್ದು. ಸ್ಟೈಲು."

ಅವರು 90ರ ದಶಕದಲ್ಲಿ ಗಣೇಶನ ಹಬ್ಬಕ್ಕೆ, ಜಾತ್ರೆಗೆ ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸ್ತಿದ್ದವರು. ಜೋರಾಗಿ ನಕ್ಕರು. ಆಮೇಲೆ ತಮ್ಮ ಗಿಟಾರಿನ ಕಥೆ ಹೇಳಿದ್ರು. ಪ್ರತಿ ಪ್ರೋಗ್ರಾಮ್ ಆದ ಮೇಲೆ ಹಳೇ ಬನಿಯನ್ ಬಟ್ಟೆಯಲ್ಲಿ ಒರೆಸಿ ಇಡ್ತಿದ್ದರಂತೆ. ಆದರೂ ಬಲಗೈ ಊರೋ ಕಡೆ ಬಣ್ಣ ಹೋಗಿತ್ತು. ಆರ್ಕೆಸ್ಟ್ರಾ ಕೆಲಸ ಕಮ್ಮಿ ಆಗಿ ಅದನ್ನು ಮಾರೋಕೆ ಹೋದಾಗ, ಅಂಗಡಿಯವನು ಸರಿಯಾಗಿ ಆ ಜಾಗಕ್ಕೇ ಬೆರಳಿಟ್ಟು ಅರ್ಧ ರೇಟು ಇಳಿಸಿದ.

"ನೀನು ದುಡ್ಡು ಕೊಟ್ಟು ಮಾಡ್ಕೊಂಡಿದ್ದಕ್ಕೆ ನನಗೆ ದುಡ್ಡು ಕಟ್ ಮಾಡಿದ್ರು ಕಣೋ," ಅಂದ್ರು. ಸಿಟ್ಟಿರಲಿಲ್ಲ, ತಮಾಷೆಯಾಗೇ ಹೇಳಿದ್ದು. ನನಗೆ ಮಾತ್ರ ನಗು ಬರಲಿಲ್ಲ.

ಹಾಗಾಗಿ ರೆಲಿಕ್ ಗಿಟಾರ್ ಬಗ್ಗೆ ನನ್ನ ಪ್ರಶ್ನೆ ಅಸಲಿಯಾ ನಕಲಿಯಾ ಅನ್ನೋದಲ್ಲ. ಸವಕಳಿಗೆ ಬೆಲೆ ಕಟ್ಟೋರು ಯಾರ ಸವಕಳಿಗೆ ಕಟ್ತಾರೆ ಅನ್ನೋದು. ಗ್ಯಾಲಹರ್ ಬೆವರಿಗೆ ಮ್ಯೂಸಿಯಂ ಸಿಕ್ತು. ಅವನ ಹಾಗೇ ರಾತ್ರಿಯೆಲ್ಲ ನುಡಿಸಿದ, ಹೆಸರು ಗೊತ್ತಿಲ್ಲದ ಸಾವಿರ ಜನರ ಗಿಟಾರ್‌ಗಳು ಪುಸ್ತಕದ ಲೆಕ್ಕದ ಪ್ರಕಾರವೇ ಸೊನ್ನೆಗೆ ಇಳಿದವು.

ನನ್ನ ಆ ಗಿಟಾರ್ ಇನ್ನೂ ಇದೆ. ನಾನು ಉಜ್ಜಿದ ಜಾಗಗಳು ಈಗಲೂ ವಿಚಿತ್ರವಾಗೇ ಕಾಣ್ತವೆ. ಪ್ಲೆಕ್ಟ್ರಮ್ ತಾಗಿ ತಾಗಿ ತಂತಿ ಕೆಳಗೆ ಒಂದು ಚಿಕ್ಕ ಗುರುತು ಮಾತ್ರ ತಾನಾಗೇ ಬಿದ್ದಿದೆ. ಚಿಕ್ಕಪ್ಪ ಮನೆಗೆ ಬಂದರೆ ಈಗಲೂ ಅದನ್ನು ಕೈಗೆ ತಗೊಂಡು ಶ್ರುತಿ ಮಾಡಿ ಕೂರ್ತಾರೆ.

ನಿಮ್ಮ ಮನೇಲೂ ಯಾರಾದ್ರೂ ನುಡಿಸಿ ಸವೆಸಿದ ವಾದ್ಯ ಇದ್ದರೆ, ಅದು ತಬಲಾ ಆಗಲಿ, ಹಾರ್ಮೋನಿಯಂ ಆಗಲಿ, ಮಾರೋ ಮುಂಚೆ ಅವರನ್ನ ಒಂದ್ಸಲ ಕೂರಿಸಿ ಆ ಗುರುತು ಹೇಗಾಯ್ತು ಅಂತ ಕೇಳಿ.