ಮಿರಜದ ದಾರಿಯಲ್ಲಿ ರೋಗಿಯ ಜೊತೆಗಾರರು

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯ ಜನ ದೊಡ್ಡ ಬೇನೆ ಬಂದಾಗ ಹಿಂದಿನಿಂದಲೂ ಹಾದಿ ಹಿಡಿದದ್ದು ಮಿರಜದ ಕಡೆಗೆ. ಅಮೆರಿಕನ್ ಪ್ರೆಸ್ಬಿಟೀರಿಯನ್ ಮಿಷನ್ನಿನ ವೈದ್ಯ ವಿಲಿಯಂ ವಾನ್ಲೆಸ್ 1894ರಲ್ಲಿ ಅಲ್ಲಿ ಆಸ್ಪತ್ರೆ ತೆರೆದಾಗ ಮಿರಜ ಪಟವರ್ಧನರ ಸಂಸ್ಥಾನವಾಗಿತ್ತು, ರಾಯಬಾಗ ಕೊಲ್ಹಾಪುರದ ಅರಸರದಾಗಿತ್ತು, ಅಥಣಿ ಮತ್ತು ಚಿಕ್ಕೋಡಿ ಬ್ರಿಟಿಷರ ಬೆಳಗಾವಿ ಜಿಲ್ಲೆಯಲ್ಲಿದ್ದವು. ಕುಡಚಿ, ಉಗಾರ, ಶೇಡಬಾಳಗಳ ಮೇಲೆ ಹಾದುಹೋಗುವ ರೈಲು ಈ ಸೀಮೆಯನ್ನು ಮಿರಜಕ್ಕೆ ಜೋಡಿಸಿತ್ತು. 1956ರಲ್ಲಿ ರಾಜ್ಯಗಳ ಗಡಿ ಬೇರೆಯಾಗಿ ಮಿರಜ ಆಚೆಗೆ ಉಳಿದ ಮೇಲೂ ರೋಗಿಗಳು ಅದೇ ರೈಲು ಹತ್ತಿದರು.

1941ರಲ್ಲಿ ಮುಂಬಯಿಯ ಪರೇಲಿನಲ್ಲಿ ಟಾಟಾ ಸ್ಮಾರಕ ಆಸ್ಪತ್ರೆ ಆರಂಭವಾದ ನಂತರ ಕ್ಯಾನ್ಸರಿಗೆ ಇನ್ನೂ ದೂರದ ದಾರಿಯೊಂದು ತೆರೆಯಿತು. ಆದರೆ ವಿಕಿರಣ ಚಿಕಿತ್ಸೆ, ಅಂದರೆ ಜನರ ಬಾಯಲ್ಲಿ 'ಕರೆಂಟ್ ಕೊಡುವುದು', ವಾರಕ್ಕೆ ಐದು ದಿನದಂತೆ ಹಲವು ವಾರ ನಡೆಯುವಂಥದಾದ್ದರಿಂದ ಮನೆಯ ಒಬ್ಬರು ಅಷ್ಟು ಕಾಲವೂ ರೋಗಿಯ ಜೊತೆಗಿರಬೇಕಾಗುತ್ತದೆ. ಮೈಮೇಲೆ ಶಾಯಿಯಿಂದ ಎಳೆದ ಗೆರೆಗಳು ಅಳಿಯದಂತೆ ಮೈ ಒರೆಸುವುದು, ಬಾಯಿ ಹುಣ್ಣಾಗಿ ರೊಟ್ಟಿ ಅಗಿಯಲಾಗದವರಿಗೆ ಅದನ್ನು ಹಾಲಿನಲ್ಲಿ ನೆನೆಸಿ ಕಿವುಚಿ ಕೊಡುವುದು, ಔಷಧದ ಚೀಟಿ ಹಿಡಿದು ಸಾಲಿನಲ್ಲಿ ನಿಲ್ಲುವುದು ಇವೆಲ್ಲ ಆ ಜೊತೆಗಾರರ ಕೆಲಸ, ಮತ್ತು ಹೆಚ್ಚಾಗಿ ಹೆಂಗಸರ ಕೆಲಸ.

ಹಿಂದೆ ಉಳಿದ ಹೊಲ-ಮನೆಯನ್ನು ಕಾದದ್ದು ಹಳೆಯ ಪದ್ಧತಿಗಳೇ. ಒಬ್ಬರ ಹೊಲದಲ್ಲಿ ದುಡಿದುದನ್ನು ಅವರು ದುಡಿದೇ ತೀರಿಸುವ ಮುಯ್ಯಿ, ಕರಾರಿನ ಮೇಲೆ ಹೊಲವನ್ನು ಬೇರೆಯವರಿಗೆ ಉಳಲು ಬಿಡುವ ಲಾವಣಿ, ಒಡವೆಯನ್ನು ಒತ್ತೆಯಿಡುವ ಗಿರವಿ ಇವು ಇಲ್ಲದಿದ್ದರೆ ಎಷ್ಟೋ ಚಿಕಿತ್ಸೆಗಳು ಅರ್ಧಕ್ಕೇ ನಿಲ್ಲುತ್ತಿದ್ದವು. ನಿಪ್ಪಾಣಿಯ ಬೀಡಿ ಕಟ್ಟುವ ಹೆಣ್ಣುಮಕ್ಕಳಿಗೆ ಈ ಆಸರೆಯೂ ಕಡಿಮೆ. ಸಾವಿರ ಬೀಡಿಗೆ ಇಂತಿಷ್ಟು ಎಂಬ ಮಜೂರಿಯಲ್ಲಿ ಬದುಕುವವರು ಆಸ್ಪತ್ರೆಯಲ್ಲಿ ಕುಳಿತ ದಿನ ಒಲೆ ಉರಿಯುವುದೇ ಕಷ್ಟ. 1981ರಲ್ಲಿ ತಂಬಾಕಿನ ಬೆಲೆಗಾಗಿ ನಡೆದ ಚಳವಳಿಯಲ್ಲಿ ರೈತರು ಗೋಲಿಬಾರಿಗೆ ಬಲಿಯಾದ ಊರಿದು. ಅನ್ನ ಕೊಟ್ಟ ಅದೇ ಬೆಳೆ ಬಾಯಿ, ಗಂಟಲಿನ ಕ್ಯಾನ್ಸರಿಗೂ ಕಾರಣವಾಗಿರುವುದು ಇಲ್ಲಿನ ದೊಡ್ಡ ಸಂಕಟ.

2018ರಿಂದ ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ ಯೋಜನೆ ಬಡವರ ಆಸ್ಪತ್ರೆಯ ಬಿಲ್ಲಿನ ಭಾರವನ್ನು ಇಳಿಸಿದೆ, 2025ರ ಜನವರಿಯಲ್ಲಿ ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯ ಕ್ಯಾನ್ಸರ್ ಆಸ್ಪತ್ರೆ ಉದ್ಘಾಟನೆಗೊಂಡಿದೆ. ಆದರೂ ಅಥಣಿಯವರಿಗೆ ಬೆಳಗಾವಿಗಿಂತ ಮಿರಜವೇ ಇಂದಿಗೂ ಹತ್ತಿರ. ಜೊತೆಗಾರರು ಕಳೆದುಕೊಂಡ ಮಜೂರಿ, ಅವರ ಊಟ, ಮಲಗುವ ಜಾಗ ಇವನ್ನೂ ಚಿಕಿತ್ಸೆಯ ಖರ್ಚೆಂದೇ ಸರಕಾರ ಎಣಿಸಬೇಕು.